ವಾರದ ತರಕಾರಿ ಬುಟ್ಟಿ: ಯಾವುದನ್ನು ಮೊದಲು ತಿನ್ನಬೇಕು, ಯಾವುದನ್ನು ಎಲ್ಲಿಡಬೇಕು

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನ ಹತ್ತಿರದ ತೋಟದಿಂದ ಪ್ರತಿ ಶನಿವಾರ ಬುಟ್ಟಿ ಬರುತ್ತದೆ, ಮನೆಯಲ್ಲಿ ಇರುವುದು ಇಬ್ಬರೇ, ಬುಧವಾರದ ಹೊತ್ತಿಗೆ ಅರ್ಧ ಬಾಡಿ ಹೋಗಿರುತ್ತದೆ. ಸಾಲದ್ದಕ್ಕೆ ವಾರ ವಾರವೂ ನವಿಲುಕೋಸು. ನಿಲ್ಲಿಸಿಬಿಡಲಾ ಅಂತ ಕೇಳಿದ್ದೀರಿ. ಈಗಲೇ ನಿಲ್ಲಿಸಬೇಡಿ. ಅಂಗಡಿಗೆ ಹೋಗುವಾಗ ಅಡುಗೆ ಯೋಚಿಸಿಕೊಂಡು ತರಕಾರಿ ತರುತ್ತೇವೆ. ಬುಟ್ಟಿ ಬರುವ ಮನೆಯಲ್ಲಿ ತರಕಾರಿ ನೋಡಿ ಅಡುಗೆ ಯೋಚಿಸಬೇಕು. ಯಾವುದು ಮೊದಲು ಕೆಡುತ್ತದೋ ಅದನ್ನು ಮೊದಲು ತಿನ್ನಬೇಕು, ಅಷ್ಟೇ. ಆಸೆ ಆದದ್ದನ್ನು ಮೊದಲು ಮಾಡಿದರೆ ಸೊಪ್ಪೆಲ್ಲ ಕೊಳೆತು ಕೊನೆಗೆ ಸಿಹಿಗುಂಬಳ ಒಂದೇ ಉಳಿಯುತ್ತದೆ.

ಶನಿವಾರ ಬುಟ್ಟಿ ಬಂದ ಕೂಡಲೇ ಅರ್ಧ ಗಂಟೆ ಕೂತುಬಿಡಿ. ಬುಟ್ಟಿ ಸಮೇತ ಫ್ರಿಜ್ಜಿಗೆ ತುರುಕಬೇಡಿ.

ಮೊದಲು ಸೊಪ್ಪು. ಕಟ್ಟಿನ ದಾರ ಬಿಚ್ಚಿ. ಕಟ್ಟಿನ ಮಧ್ಯದಲ್ಲೇ ಬಿಸಿಯಾಗಿ, ಲೋಳೆಯಾಗಿ ಕೊಳೆಯಲು ಶುರುವಾಗುವುದು. ಹಳದಿ ಎಲೆ, ಜಜ್ಜಿದ ಎಲೆ ತೆಗೆದುಹಾಕಿ. ತೊಳೆಯಬೇಡಿ. ಮಣ್ಣಿದ್ದರೆ ಇರಲಿ, ಅಡುಗೆಗೆ ಮುಂಚೆ ತೊಳೆದರೆ ಸಾಕು. ಹಳೆ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬಟ್ಟೆ ಒದ್ದೆ ಅನ್ನಿಸಿದರೆ ಬದಲಾಯಿಸಿ. ಕೊತ್ತಂಬರಿಯೂ ಹೀಗೆಯೇ. ಬೇರು ಸಮೇತ ಬಂದಿದ್ದರೆ ಲೋಟದ ನೀರಿನಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಮೆಂತ್ಯ, ಪಾಲಕ್, ಸಬ್ಬಸಿಗೆ ಇವನ್ನು ಶನಿವಾರ, ಭಾನುವಾರವೇ ಮುಗಿಸಿ. ದಂಟು, ಹರಿವೆ ಇನ್ನೆರಡು ದಿನ ತಡೆಯುತ್ತವೆ. ಚೂರು ಚೂರು ನಾಲ್ಕು ತರದ ಸೊಪ್ಪು ಉಳಿದರೆ ಬಸ್ಸಾರಿಗಿಂತ ಒಳ್ಳೆಯ ದಾರಿ ಇಲ್ಲ. ಎಲ್ಲವನ್ನೂ ಬೇಳೆ ಜೊತೆ ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಸೊಪ್ಪು ಪಲ್ಯಕ್ಕೆ. ಇಬ್ಬರಿಗೆ ಎರಡು ಹೊತ್ತಿನ ಊಟ ಆಯಿತು.

ಇನ್ನೊಂದು ವಿಷಯ. ಬಾಳೆಹಣ್ಣು, ಹಣ್ಣಾದ ಟೊಮೆಟೊ ಇವುಗಳ ಪಕ್ಕದಲ್ಲಿ ಸೊಪ್ಪು ಇಡಬೇಡಿ. ಹಣ್ಣು ಮಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಅದರಿಂದ ಸೊಪ್ಪು ಬೇಗ ಹಳದಿಯಾಗುತ್ತದೆ.

ಆಮೇಲೆ ಗೆಡ್ಡೆಗಳು. ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್ ಸೊಪ್ಪಿನ ಸಮೇತ ಬಂದಿದ್ದರೆ ಸೊಪ್ಪನ್ನು ಆ ಕ್ಷಣವೇ ಕತ್ತರಿಸಿ. ಎಲೆ ಇದ್ದಷ್ಟು ಹೊತ್ತು ಗೆಡ್ಡೆಯ ನೀರನ್ನು ಎಳೆಯುತ್ತಲೇ ಇರುತ್ತದೆ. ಮೂಲಂಗಿ ಮೆತ್ತಗಾಗಿ ಒಳಗೆ ಬೆಂಡಾಗುವುದು ಹೀಗೆ. ಕತ್ತರಿಸಿದ ಸೊಪ್ಪನ್ನು ಬಿಸಾಡಬೇಡಿ, ಮೂಲಂಗಿ ಸೊಪ್ಪಿನ ಪಲ್ಯಕ್ಕೆ ಸ್ವಲ್ಪ ಕಡಲೆಬೇಳೆ ಹಾಕಿ ನೋಡಿ.

ನವಿಲುಕೋಸೂ ಇದೇ ಗುಂಪಿನದ್ದು, ಅದಕ್ಕೇ ಅದರ ಮೇಲೆ ಸಿಟ್ಟು ಬೇಡ ಅನ್ನುತ್ತೇನೆ. ಎಲೆ ತೆಗೆದು ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಆರಾಮಾಗಿ ಇರುತ್ತದೆ. ಅಂದರೆ ಬಂದ ದಿನವೇ ತಿನ್ನಬೇಕಿಲ್ಲ, ಬುಟ್ಟಿ ಖಾಲಿಯಾದ ಗುರುವಾರ, ಶುಕ್ರವಾರಕ್ಕೆ ಅದು. ಎಳೆಯದಾದರೆ ತುರಿದು ನಿಂಬೆಹುಳಿ, ಕಾಯಿತುರಿ, ಇಂಗಿನ ಒಗ್ಗರಣೆ ಹಾಕಿ ಹಸಿಯಾಗಿಯೇ ಕೋಸಂಬರಿ ಮಾಡಿ. ದೊಡ್ಡದಾದರೆ ಬೇರಿನ ಕಡೆಯ ಭಾಗ ನಾರಾಗಿರುತ್ತದೆ, ಅಲ್ಲಿ ಸಿಪ್ಪೆ ದಪ್ಪವಾಗಿ ಹೆರೆಯಿರಿ. ಚಾಕು ಸಲೀಸಾಗಿ ಇಳಿಯುವ ತನಕ ತೆಗೆಯಬೇಕು. ತೆಳು ಸಿಪ್ಪೆ ತೆಗೆದು ಹುಳಿಗೆ ಹಾಕಿದರೆ ಬಾಯಲ್ಲಿ ನಾರು ಸಿಗುತ್ತದೆ. ನವಿಲುಕೋಸು ಸೇರುವುದಿಲ್ಲ ಅನ್ನುವವರಲ್ಲಿ ಸುಮಾರು ಜನರ ತಕರಾರು ಇಷ್ಟೇ ಅಂತ ನನ್ನ ಅನಿಸಿಕೆ.

ಫ್ರಿಜ್ಜು ಎಲ್ಲಕ್ಕೂ ಒಳ್ಳೆಯದಲ್ಲ. ಬದನೆ, ಬೆಂಡೆ, ಸೌತೆ, ಬೀನ್ಸ್ ಇವಕ್ಕೆ ಜಾಸ್ತಿ ತಂಪು ಆಗುವುದಿಲ್ಲ. ಫ್ರಿಜ್ಜಿನೊಳಗೆ ಸಾಮಾನ್ಯವಾಗಿ 4 ಡಿಗ್ರಿ ಇರುತ್ತದೆ, ಇವಕ್ಕೆ ಬೇಕಾದದ್ದು 10ರ ಆಸುಪಾಸು. ಬದನೆಯ ಬೀಜ ಕಪ್ಪಾಗುವುದು, ಸೌತೆಯ ಮೇಲೆ ನೀರು ನೀರಾದ ಗುಳಿ ಬೀಳುವುದು ಈ ಚಳಿಯಿಂದಲೇ. ಎರಡು ಮೂರು ದಿನದಲ್ಲಿ ಮುಗಿಸುವುದಾದರೆ ಅಡುಗೆಮನೆಯ ತಂಪಾದ ಮೂಲೆಯಲ್ಲೇ ಇಡಿ. ಬೇಸಿಗೆಯಲ್ಲಿ ಬೇರೆ ದಾರಿ ಇಲ್ಲದಿದ್ದರೆ ಕೆಳಗಿನ ತರಕಾರಿ ಡ್ರಾಯರಿನಲ್ಲಿಡಿ. ಬೆಂಡೆಯನ್ನು ಒರೆಸಿ ಒಣ ಬಟ್ಟೆಯಲ್ಲಿ ಸುತ್ತಿ, ನೀರು ತಾಗಿದರೆ ಮುಗೀತು. ಟೊಮೆಟೊ ಪೂರ್ತಿ ಹಣ್ಣಾಗುವ ತನಕ ಹೊರಗೇ ಇರಲಿ. ಆಲೂಗಡ್ಡೆ ಕತ್ತಲಲ್ಲಿ, ಈರುಳ್ಳಿ ಗಾಳಿಯಾಡುವ ಕಡೆ, ಎರಡೂ ಬೇರೆ ಬೇರೆ.

ಕುಂಬಳ, ಸುವರ್ಣಗೆಡ್ಡೆ, ಮಂಗಳೂರು ಸೌತೆ ಬಂದರೆ ಖುಷಿಪಡಿ, ಇವಕ್ಕೆ ಅವಸರವೇ ಇಲ್ಲ. ಬೂದುಗುಂಬಳದ ಮೇಲಿನ ಬೂದಿ ಒರೆಸಬೇಡಿ, ತೊಟ್ಟು ಮುರಿಯಬೇಡಿ, ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಅತ್ತೆಯ ಊರು ಪುತ್ತೂರಿನ ಕಡೆ. ಅಲ್ಲಿ ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಯನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಅಡ್ಡಕ್ಕೆ ನೇತುಹಾಕುತ್ತಾರೆ. ಮಳೆಗಾಲವಿಡೀ ಅದೇ ತರಕಾರಿ. ಗುಟ್ಟು ಏನೂ ಇಲ್ಲ, ಒಂದಕ್ಕೊಂದು ತಾಗಬಾರದು, ನೆಲದ ತೇವ ಮುಟ್ಟಬಾರದು, ಸುತ್ತ ಗಾಳಿ ಬೇಕು. ಫ್ಲಾಟಿನಲ್ಲಿರುವವರು ಯುಟಿಲಿಟಿಯ ಬಟ್ಟೆ ಒಣಹಾಕುವ ಕಂಬಿಗೆ ಈರುಳ್ಳಿ ಬರುವ ಬಲೆ ಚೀಲದಲ್ಲಿ ತೂಗುಹಾಕಬಹುದು. ಚರ್ಮ ಗೀರಿದ ಕಾಯಿ ಮಾತ್ರ ಮೊದಲು ಸಾಂಬಾರಿಗೆ.

ಡಿಸೆಂಬರ್ ಬಂದರೆ ಬುಟ್ಟಿಯ ತುಂಬ ಅವರೆಕಾಯಿ, ಅಲ್ವಾ? ಇದನ್ನು ಕೂಡಿಡಲೇಬೇಕು. ಮುಟ್ಟಿದರೆ ಕೈಗೆ ಸೊಗಡು ಅಂಟಬೇಕು, ಅದೇ ಒಳ್ಳೆ ಕಾಯಿ. ಸಿಪ್ಪೆಯಲ್ಲೇ ಇಟ್ಟರೆ ಬೆವರಿ ಕಪ್ಪಾಗುತ್ತದೆ, ಜೊತೆಗೆ ಹುಳ. ಅದಕ್ಕೇ ಅವತ್ತೇ ಸುಲಿಯಿರಿ. ವಾರದೊಳಗೆ ತಿನ್ನುವಷ್ಟನ್ನು ಡಬ್ಬಿಯಲ್ಲಿಟ್ಟು ಮಿಕ್ಕಿದ್ದನ್ನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆ ಮೇಲೆ ನೀರಾರಿಸಿ. ಚೀಲದಲ್ಲಿ ತೆಳುವಾಗಿ ಹರಡಿ ಫ್ರೀಜರಿಗೆ ಇಟ್ಟರೆ ಮುದ್ದೆಗಟ್ಟುವುದಿಲ್ಲ, ಬೇಕಾದಷ್ಟು ಉದುರಿಸಿಕೊಳ್ಳಬಹುದು. ಹಿತಕವರೆ ಬೇಕಾದರೆ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ. ಬೇಳೆ ಪಟಕ್ಕಂತ ಹಾರುತ್ತದೆ, ಅಗಲ ಪಾತ್ರೆ ಇಟ್ಟುಕೊಳ್ಳಿ. ಟಿವಿ ಮುಂದೆ ಮಾಡುವ ಕೆಲಸ. ಹಿತಕಿದ ಬೇಳೆಯನ್ನು ಹಸಿಯಾಗಿಯೇ ಫ್ರೀಜ್ ಮಾಡಬಹುದು, ಅದನ್ನು ಕುದಿಸಿದರೆ ಒಡೆದುಹೋಗುತ್ತದೆ. ಸಂಕ್ರಾಂತಿ ಮುಗಿದ ಮೇಲೂ ಉಪ್ಪಿಟ್ಟಿಗೆ ಒಂದು ಹಿಡಿ ಸಿಕ್ಕರೆ ಆ ಸುಖವೇ ಬೇರೆ.

ಬಿಸಿಲು ಏರಿದ ಮೇಲೆ ಬರುವ ಮೆಣಸಿನಕಾಯಿ, ಗೋರಿಕಾಯಿ, ಬೆಂಡೆ ಜಾಸ್ತಿಯಾದರೆ ಬಾಳಕ ಮಾಡಿ. ಮೆಣಸಿನಕಾಯಿಯನ್ನು ತೊಟ್ಟು ತೆಗೆಯದೆ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ಮುಳುಗಿಸಿ, ಹಗಲು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರುವ ತನಕ ಹೀಗೇ. ಆಮೇಲೆ ಮುರಿದರೆ ಸದ್ದು ಬರುವಷ್ಟು ಒಣಗಿಸಿ ಡಬ್ಬಿಗೆ ತುಂಬಿ. ಟೊಮೆಟೊ ಜಾಸ್ತಿಯಾದರೆ ಹುಣಸೆಹುಳಿ ಹಾಕಿ ಎಣ್ಣೆ ಬಿಡುವ ತನಕ ತೊಕ್ಕು ಮಾಡಿ, ಫ್ರಿಜ್ಜಿನಲ್ಲಿ ಇಡಿ.

ಒಂದು ಮಾತ್ರ ಬೇಡವೇ ಬೇಡ. ಬೀನ್ಸ್, ಕ್ಯಾರೆಟ್ ಕುದಿಸಿ ಬಾಟಲಿಗೆ ಹಾಕಿ ಗಟ್ಟಿ ಮುಚ್ಚಳ ಬಿಗಿದು ಕಪಾಟಿನಲ್ಲಿಡುವ ವಿಡಿಯೊಗಳು ಓಡಾಡುತ್ತಿವೆ. ಹುಳಿಯಿಲ್ಲದ ತರಕಾರಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬೊಟುಲಿಸಂ ಅನ್ನುವ, ಜೀವಕ್ಕೇ ಕುತ್ತು ತರುವ ಆಹಾರವಿಷದ ಬ್ಯಾಕ್ಟೀರಿಯಾ ಒಳಗೆ ಬೆಳೆಯಬಹುದು. ಅದರ ಬೀಜಕಣ 100 ಡಿಗ್ರಿಯ ಕುದಿಯುವ ನೀರಿಗೂ ಸಾಯುವುದಿಲ್ಲ. ವಾಸನೆ, ಬಣ್ಣ ಏನೂ ಬದಲಾಗದೆಯೂ ಇರಬಹುದು, ನೋಡಿ ಹೇಳಲು ಆಗುವುದಿಲ್ಲ. ಉಪ್ಪಿನಕಾಯಿಯ ವಿಷಯ ಬೇರೆ, ಅಲ್ಲಿ ಉಪ್ಪು, ಹುಳಿ ಕಾಯುತ್ತವೆ.

ಇಷ್ಟು ಮಾಡಿದರೂ ಇಬ್ಬರಿಗೆ ಜಾಸ್ತಿ ಆಗುತ್ತಿದ್ದರೆ ತೋಟದವರ ಹತ್ತಿರವೇ ಮಾತಾಡಿ. ಹದಿನೈದು ದಿನಕ್ಕೊಮ್ಮೆ ಕೊಡಲು, ಇಲ್ಲಾ ಪಕ್ಕದ ಮನೆಯವರ ಜೊತೆ ಅರ್ಧರ್ಧ ಹಂಚಿಕೊಳ್ಳಲು ಬಹುಪಾಲು ರೈತರು ಒಪ್ಪುತ್ತಾರೆ. ಅವರಿಗೆ ಬೇಕಾಗಿರುವುದು ಹಂಗಾಮು ಪೂರ್ತಿ ಕೈಬಿಡದ ಗಿರಾಕಿ. ಗೆಡ್ಡೆಗಳನ್ನು ತೊಳೆಯದೆ ಮಣ್ಣಿನ ಸಮೇತ ಕಳಿಸಿ ಅಂತಲೂ ಹೇಳಿ, ಅವರಿಗೂ ಕೆಲಸ ಕಡಿಮೆ, ನಿಮಗೂ ನಾಲ್ಕು ದಿನ ಜಾಸ್ತಿ ಬಾಳಿಕೆ. ಶುಕ್ರವಾರವೇ ನಾಳೆ ಏನೇನು ಬರುತ್ತದೆ ಅಂತ ವಾಟ್ಸಾಪಿನಲ್ಲಿ ಕೇಳಿಕೊಂಡರೆ ಭಾನುವಾರಕ್ಕೆ ಬೇಳೆ, ಕಾಯಿ ಜೋಡಿಸಿಕೊಳ್ಳಬಹುದು. ಈ ವಾರದ ಬುಟ್ಟಿಯಲ್ಲಿ ಏನು ಬಂತು ಅಂತ ಇಲ್ಲಿ ಹಾಕಿ, ಯಾವ ದಿನಕ್ಕೆ ಯಾವುದು ಅಂತ ಕೂತು ನೋಡೋಣ.