ಏನೂ ಆಗದ ರಾತ್ರಿಗಳನ್ನು ಯಾಕೆ ತೆಗೆದಿರಿ?

ನಮಸ್ಕಾರ.

ನಿಮ್ಮ 'ಆಕಾಶದ ಬೆಂಕಿಯಾಟ' ಲೇಖನವನ್ನು ನಿಧಾನವಾಗಿ ಓದಿದೆ. ಈಗ ಇರುವ ಹಾಗೆ ಇದನ್ನು ನಾವು ಅಚ್ಚು ಹಾಕುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ, ಸುಮ್ನೆ ಕಾಯಿಸುವುದು ಸರಿಯಲ್ಲ. ಆದರೆ ಇದರೊಳಗೆ ನಿಜಕ್ಕೂ ಒಳ್ಳೆಯ ಲೇಖನ ಒಂದಿದೆ. ಅದನ್ನು ನೀವೇ ಕೊನೆಯ ಪುಟಕ್ಕೆ ತಳ್ಳಿ, ಅದಕ್ಕೂ ಕ್ಷಮೆ ಕೇಳಿಕೊಂಡಿದ್ದೀರಿ. ನನ್ನ ತಕರಾರು ಇರುವುದು ಅಲ್ಲೇ.

ಈ ಅಂಕಣದ ಉಳಿದ ಓದುಗರಿಗಾಗಿ ಲೇಖನದಲ್ಲಿ ಏನಿದೆ ಅಂತ ಚುಟುಕಾಗಿ ಹೇಳುತ್ತೇನೆ. ಬರೆದವರು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯವರು. ಹೊಳಪು ಬದಲಿಸುವ ತಾರೆಗಳು, ನೋವಾ, ಸೂಪರ್‌ನೋವಾ, ಮೂರನ್ನೂ ಒಟ್ಟಿಗೆ ತಂದಿದ್ದಾರೆ. ಓರಿಯನ್ ನಕ್ಷತ್ರಪುಂಜದ ಕೆಂಪು ತಾರೆ ಆರ್ದ್ರಾ (ಬೆಟೆಲ್‌ಜ್ಯೂಸ್) 2020ರಲ್ಲಿ ಮಂಕಾದದ್ದು ಇದೆ. 2023ರ ಮೇ 19ರಂದು ಜಪಾನಿನ ಕೋಯಿಚಿ ಇತಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಕಂಡುಹಿಡಿದ ಸೂಪರ್‌ನೋವಾ ಇದೆ. 'ಇವತ್ತೋ ನಾಳೆಯೋ' ಸಿಡಿಯಬೇಕಿದ್ದ, ಕಿರೀಟ ನಕ್ಷತ್ರಪುಂಜದ ಟಿ ಕೊರೋನೆ ಬೊರಿಯಾಲಿಸ್ ಅನ್ನುವ ನೋವಾ ತಾರೆ ಇದೆ. ಕಟ್ಟಕಡೆಗೆ ಒಂದು ಪ್ಯಾರಾ: ಮನೆಯ ಅಡಿಕೆ ಅಂಗಳದಲ್ಲಿ ತಾವೇ ಬೈನಾಕ್ಯುಲರ್ ಹಿಡಿದು ಕೂತದ್ದು.

ತಪ್ಪುಗಳನ್ನು ಮೊದಲು ಮುಗಿಸೋಣ.

'ನೋವಾ ಎಂದರೆ ನಕ್ಷತ್ರದ ಚಿಕ್ಕ ಸಾವು, ಸೂಪರ್‌ನೋವಾ ದೊಡ್ಡ ಸಾವು' ಅಂತ ಬರೆದಿದ್ದೀರಿ. ಹಾಗಲ್ಲ. ಟಿ ಕೊರೋನೆಯಲ್ಲಿ ಎರಡು ತಾರೆಗಳಿವೆ. ಒಂದು ಉಬ್ಬಿದ ಕೆಂಪು ದೈತ್ಯ, ಇನ್ನೊಂದು ಪುಟ್ಟ, ಭಾರೀ ಸಾಂದ್ರವಾದ ಶ್ವೇತಕುಬ್ಜ. ಸುಮಾರು 227 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ದೈತ್ಯನ ಹೈಡ್ರೋಜನ್ ಕುಬ್ಜದ ಮೇಲೆ ಬಂದು ಪದರವಾಗಿ ಕೂರುತ್ತದೆ. ಪದರ ದಪ್ಪವಾಗಿ, ಬಿಸಿ ಏರಿ, ಒಂದು ದಿನ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಹಾಲು ಉಕ್ಕಿ ಒಲೆಗೆ ಚೆಲ್ಲಿದರೂ ಪಾತ್ರೆ ಹಾಗೇ ಇರುತ್ತದಲ್ವಾ, ಹಾಗೆ. ಕುಬ್ಜ ಸಾಯುವುದಿಲ್ಲ, ಮತ್ತೆ ಹೈಡ್ರೋಜನ್ ಸೇರಿಸಿಕೊಳ್ಳಲು ಶುರು ಮಾಡುತ್ತದೆ. ಅದಕ್ಕೇ ಇದು 1866ರಲ್ಲಿ ಉಕ್ಕಿತು, 1946ರಲ್ಲಿ ಮತ್ತೆ ಉಕ್ಕಿತು, ಇನ್ನೊಮ್ಮೆ ಉಕ್ಕಲಿದೆ. ಸೂಪರ್‌ನೋವಾದಲ್ಲಿ ತಾರೆಯೇ ಒಡೆದುಹೋಗುತ್ತದೆ, ಅದೇ ಕಥೆ ಎರಡನೇ ಸಲ ಇಲ್ಲ. ಸಾವು ಅನ್ನುವ ಒಂದೇ ಮಾತಿನಲ್ಲಿ ಎರಡನ್ನೂ ಕಟ್ಟಿಬಿಟ್ಟರೆ 'ಎಂಬತ್ತು ವರ್ಷಕ್ಕೊಮ್ಮೆ' ಅನ್ನುವ ನಿಮ್ಮದೇ ಸಾಲು ಓದುಗರಿಗೆ ಅರ್ಥವಾಗುವುದಿಲ್ಲ.

ಎರಡನೆಯದು ಇನ್ನೂ ಬೇಜಾರು ತಂದಿತು. 'ಜುಲೈ ತಿಂಗಳ ಒಂದು ರಾತ್ರಿ ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಾಗ ನೆತ್ತಿಯ ಮೇಲೆ ಆರ್ದ್ರಾ ಕೆಂಡದಂತೆ ಉರಿಯುತ್ತಿತ್ತು.' ನಾನು ಇರುವುದು ಇದೇ ಊರಲ್ಲಿ. ಜುಲೈನ ಮೋಡದ ಮಾತು ಪಕ್ಕಕ್ಕಿರಲಿ. ಸೂರ್ಯ ಆರ್ದ್ರಾ ನಕ್ಷತ್ರದಲ್ಲಿರುವ ದಿನಗಳ ಮಳೆಯನ್ನೇ ನಾವು ಆರಿದ್ರಾ ಮಳೆ ಅನ್ನುತ್ತೇವೆ. ಜೂನ್ ಕೊನೆ, ಜುಲೈ ಮೊದಲ ವಾರ. ಆಗ ಆ ತಾರೆ ಹೆಚ್ಚುಕಡಿಮೆ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಜುಲೈ ಕೊನೆಗೂ ಅದು ಸಿಗುವುದು ಬೆಳಗಿನ ಜಾವ, ಪೂರ್ವದಲ್ಲಿ, ತಗ್ಗಿನಲ್ಲಿ. ರಾತ್ರಿ ನೆತ್ತಿಯ ಮೇಲಂತೂ ಸಾಧ್ಯವೇ ಇಲ್ಲ. ಈ ಸಾಲು ನೀವು ನೋಡಿ ಬರೆದದ್ದಲ್ಲ, ಚೆಂದಕ್ಕೆ ಬರೆದದ್ದು. ಆಕಾಶದ ವಿಷಯ ಬರೆಯುವವರು ಕಾಣದ್ದನ್ನು ಕಂಡೆ ಅಂದರೆ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ. ಮಳೆ ನಕ್ಷತ್ರದ ಲೆಕ್ಕ ಹಾಕಿ ತೋಟದ ಕೆಲಸ ಮಾಡುವ ಮನೆಯಿಂದ ಬಂದವರು ಇದನ್ನು ಬರೆಯಬಾರದಿತ್ತು. ಪೂರ್ತಿ ತೆಗೆಯಿರಿ.

ಈಗ ಕೊನೆಯ ಪ್ಯಾರಾಕ್ಕೆ ಬರುತ್ತೇನೆ. 'ನಾನೂ 2024ರ ಬೇಸಿಗೆಯಲ್ಲಿ ಟಿ ಕೊರೋನೆಗಾಗಿ ಕಾದೆ, ದುರದೃಷ್ಟಕ್ಕೆ ಏನೂ ಆಗಲಿಲ್ಲ, ಹಾಗಾಗಿ ವಿವರ ಬಿಟ್ಟಿದ್ದೇನೆ.' ಆದರೆ ಜೊತೆಗೆ ನೋಟ್‌ಬುಕ್ಕಿನ ಎರಡು ಪುಟದ ಫೋಟೋ ಕಳಿಸಿದ್ದೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವು. ಒಂದು ಟಿಪ್ಪಣಿ ಹೀಗಿದೆ (ಎಪ್ಸಿಲಾನ್ ಅಂದರೆ ಕಿರೀಟದಲ್ಲಿ ಟಿ ಕೊರೋನೆಯ ಪಕ್ಕ ಇರುವ ತಾರೆ, 8 ಅನ್ನುವುದು ತಾರೆಯ ಹೊಳಪಿನ ಅಂಕಿ, ಅಂದರೆ ಕಾಂತಿಮಾನ):

'ಮಾರ್ಚ್ 9, ನಸುಕಿನ 4.40. ಚಂದ್ರ ಇಲ್ಲ. ಇಬ್ಬನಿ ಜೋರು, ಗಾಜು ಒರೆಸಿ ಒರೆಸಿ ಸಾಕಾಯ್ತು. ಕಿರೀಟ ನೆತ್ತಿಯ ಹತ್ತಿರ. ಎಪ್ಸಿಲಾನ್ ಸರಿಯಾಗಿದೆ. ಅದರ ಪಕ್ಕ ಏನೂ ಇಲ್ಲ. 8ರ ತಾರೆ ಕಂಡಿತು, ಅದಕ್ಕಿಂತ ಮಂದದ್ದು ಕಾಣಲಿಲ್ಲ.'

ಇನ್ನೊಂದು, ಏಪ್ರಿಲ್ 22ರದ್ದು: 'ಬೆಳದಿಂಗಳು ಜಾಸ್ತಿ. ಬರಿಗಣ್ಣಿಗೆ ಎಪ್ಸಿಲಾನ್ ಕಷ್ಟ. ಬೈನಾಕ್ಯುಲರಿನಲ್ಲಿ ಪಕ್ಕ ಖಾಲಿ.'

ಇದೇ ಲೇಖನ. ಇದನ್ನು ಬಿಟ್ಟು ಬೇರೆಲ್ಲ ಬರೆದಿದ್ದೀರಿ.

ಈ ಟಿಪ್ಪಣಿಗೆ ಬೆಲೆ ಯಾಕೆ ಅಂತ ಹೇಳುತ್ತೇನೆ. 'ಏನೂ ಇಲ್ಲ' ಅನ್ನುವುದು ಸೋಲಲ್ಲ, ಅದೂ ಒಂದು ಅಳತೆ. ಆ ಹೊತ್ತಿಗೆ, ಆ ಜಾಗದಲ್ಲಿ, 8ನೇ ಕಾಂತಿಮಾನಕ್ಕಿಂತ ಹೊಳೆಯುವ ತಾರೆ ಇರಲಿಲ್ಲ ಅಂತ ನೀವು ಹೇಳಬಲ್ಲಿರಿ. ಹೊಳಪು ಹೆಚ್ಚಿದಷ್ಟೂ ಈ ಅಂಕಿ ಚಿಕ್ಕದಾಗುತ್ತದೆ, ಅದನ್ನು ಲೇಖನದಲ್ಲಿ ಒಂದು ಸಾಲಿನಲ್ಲಿ ತಿಳಿಸಿ. ಟಿ ಕೊರೋನೆ ಸಾಮಾನ್ಯ ದಿನಗಳಲ್ಲಿ 10ರ ಸುತ್ತ ಇರುತ್ತದೆ, ಉಕ್ಕಿದಾಗ 2ಕ್ಕೆ ಬರುತ್ತದೆ. ಅಂದರೆ ಬೈನಾಕ್ಯುಲರಿಗೂ ಸರಿಯಾಗಿ ಸಿಗದ ತಾರೆ ಕೆಲವೇ ಗಂಟೆಗಳಲ್ಲಿ ಧ್ರುವದಷ್ಟು ಹೊಳೆಯುತ್ತದೆ. ಯಾವಾಗ ಏರಿತು ಅಂತ ಗೊತ್ತಾಗಬೇಕಾದರೆ, ಏರದೆ ಇದ್ದ ಕೊನೆಯ ಹೊತ್ತು ಯಾರಾದರೂ ಬರೆದಿಟ್ಟಿರಬೇಕು. 1911ರಲ್ಲಿ ಶುರುವಾದ ಅಮೆರಿಕದ ಎಎವಿಎಸ್‌ಒ ಅನ್ನುವ ವೀಕ್ಷಕರ ಸಂಘ ಇಂಥ 'ಇದಕ್ಕಿಂತ ಮಂದ' ಅನ್ನುವ ವರದಿಗಳನ್ನೂ ತೆಗೆದುಕೊಳ್ಳುತ್ತದೆ.

2024ರಲ್ಲಿ ಸಿಡಿಯಬಹುದು ಅನ್ನುವ ಊಹೆಯೂ ಇಂಥದ್ದರಿಂದಲೇ ಬಂದದ್ದು. 1946ರ ಸ್ಫೋಟಕ್ಕೆ ಸುಮಾರು ಒಂದು ವರ್ಷ ಮೊದಲು ಈ ತಾರೆ ಸ್ವಲ್ಪ ಮಂಕಾಗಿತ್ತು. 2023ರಲ್ಲಿ ಅಂಥದ್ದೇ ಮಂಕು ಕಂಡಿತು. ಲೆಕ್ಕ ಹಾಕಿದರು. 2024 ಕಳೆಯಿತು, ತಾರೆ ಸಿಡಿಯಲಿಲ್ಲ. ಆದರೆ ಆ ಹಳೆಯ ಮಂಕು ನಮಗೆ ತಿಳಿದಿರುವುದು ಯಾಕೆ? ಏನೂ ಆಗದಿದ್ದಾಗಲೂ ಕೆಲವರು ಅದನ್ನು ನೋಡಿ ಬರೆದಿಡುತ್ತಿದ್ದರು, ಅದಕ್ಕೆ. ಅವರಲ್ಲಿ ಒಬ್ಬರು ಒಹಾಯೊದ ರೈತರ ಮನೆಯ ಲೆಸ್ಲಿ ಪೆಲ್ಟಿಯರ್. 1920ರಿಂದ ಇದರ ಮೇಲೆ ಕಣ್ಣಿಟ್ಟಿದ್ದರು. 1946ರ ಫೆಬ್ರುವರಿಯ ಆ ರಾತ್ರಿ ನೋಡಲು ಎದ್ದವರು, ಶೀತವಾಗುವ ಹಾಗಿದೆ ಅಂತ ಮತ್ತೆ ಮಲಗಿದರು. ತಾರೆ ಅದೇ ರಾತ್ರಿ ಉಕ್ಕಿತು. ನಿಮ್ಮ ಓದುಗರಿಗೆ ಈ ಪ್ರಸಂಗ ಹೇಳಿ, ನಂತರ ನಿಮ್ಮ ಮಾರ್ಚ್ 9ನ್ನು ಹೇಳಿ.

'ನಮ್ಮಂಥವರಿಂದ ವಿಜ್ಞಾನಕ್ಕೆ ಏನಾಗುತ್ತದೆ' ಅಂತಲೂ ಒಂದು ಕಡೆ ಬರೆದಿದ್ದೀರಿ. ಹಾಗನ್ನಬೇಡಿ. ಈಗಿನ ಬಾಂಗ್ಲಾದೇಶದ ಜೆಸೋರ್‌ನಲ್ಲಿ ರಾಧಾಗೋವಿಂದ ಚಂದ್ರ ಅಂತ ಒಬ್ಬರಿದ್ದರು. ಸರ್ಕಾರಿ ಖಜಾನೆಯಲ್ಲಿ ಗುಮಾಸ್ತಿಕೆ. 1918ರ ಜೂನ್‌ನಲ್ಲಿ ಅಕ್ವಿಲಾ ನಕ್ಷತ್ರಪುಂಜದಲ್ಲಿ ಹೊಳೆದ ನೋವಾವನ್ನು ಸ್ವಂತ ಕಣ್ಣಿಂದ ಗುರುತಿಸಿದರು. ಮುಂದೆ 1954ರವರೆಗೆ ಹೊಳಪು ಬದಲಿಸುವ ತಾರೆಗಳ 37 ಸಾವಿರಕ್ಕೂ ಹೆಚ್ಚು ಅಂದಾಜುಗಳನ್ನು ಎಎವಿಎಸ್‌ಒಗೆ ಕಳಿಸಿದರು. ಸಂಘದವರು ಅವರಿಗೆ ಆರು ಇಂಚಿನ ದೂರದರ್ಶಕ ಕಳಿಸಿಕೊಟ್ಟರು. ಜೆಸೋರ್ ಕೂಡ ನಮ್ಮ ಕರಾವಳಿಯ ಹಾಗೆ ಮಳೆ, ಸೆಕೆ, ತೇವದ ಊರು. ಈಗ ಆಕಾಶವನ್ನು ಯಂತ್ರಗಳೇ ಜಾಲಾಡುತ್ತವೆ, ನಿಜ. ಆದರೆ ಆರ್ದ್ರಾದಂಥ ಪ್ರಕಾಶದ ತಾರೆ ದೊಡ್ಡ ದೂರದರ್ಶಕದ ಕ್ಯಾಮೆರಾಗಳಿಗೆ ಅತಿಯಾಗುತ್ತದೆ. ಅಲ್ಲಿ ಬರಿಗಣ್ಣಿಗೆ ಇನ್ನೂ ಕೆಲಸವಿದೆ.

ಆರ್ದ್ರಾ ಭಾಗವನ್ನು ಇಟ್ಟುಕೊಳ್ಳುವುದಾದರೆ ಜುಲೈ ಬಿಟ್ಟು ಫೆಬ್ರುವರಿ 2020 ಬರೆಯಿರಿ. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ತಾರೆ ಆಗ 1.6ಕ್ಕೆ ಇಳಿದು, ಅದೇ ಓರಿಯನ್‌ನ ಬೆಲಾಟ್ರಿಕ್ಸ್ ತಾರೆಯ ಮಟ್ಟಕ್ಕೆ ಬಂದಿತ್ತು. ತಾರೆ ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ಬಂದದ್ದು ಅದಕ್ಕೆ ಕಾರಣ. 'ನೋಡಿದೆ, ಮಂಕಾಗಿತ್ತು' ಅಂದರೆ ಸಾಲದು. ಯಾವ ತಾರೆಯ ಜೊತೆ ಹೋಲಿಸಿದಿರಿ? ಎರಡೂ ಒಂದೇ ಎತ್ತರದಲ್ಲಿದ್ದವಾ? ಕಾರವಾರದಲ್ಲಿ ಕಡಲಿನ ಮಬ್ಬಿಗೆ ಪಶ್ಚಿಮದ ತಗ್ಗಿನ ತಾರೆ ಯಾವತ್ತೂ ಮಂಕೇ. ಇನ್ನೊಂದು, ಕೆಂಪು ತಾರೆಯನ್ನು ದಿಟ್ಟಿಸುತ್ತಾ ಹೋದರೆ ಕಣ್ಣಿಗೆ ಹೊಳಪು ಹೆಚ್ಚಿದ ಹಾಗೆ ಕಾಣುತ್ತದೆ. ಅದಕ್ಕೇ ಅನುಭವಿಗಳು ಚಕ್ಕನೆ ನೋಡಿ ಕಣ್ಣು ತೆಗೆಯುತ್ತಾರೆ. ಇಂಥ ವಿವರ ಕೊಟ್ಟರೆ ಓದಿದವರು ಅದೇ ರಾತ್ರಿ ಅಂಗಳಕ್ಕೆ ಇಳಿಯುತ್ತಾರೆ.

ಎಂ101ರ ಸೂಪರ್‌ನೋವಾಕ್ಕೆ ಇಷ್ಟು ಪುಟ ಬೇಡ. ಅಲ್ಲಿ ಇರುವುದೆಲ್ಲ ಸುದ್ದಿಯ ಸಾರಾಂಶ. ಒಂದೇ ಒಂದು ಎಳೆ ಉಳಿಸಿ: ಸಿಡಿದದ್ದು ಆರ್ದ್ರಾದ ಜಾತಿಯದೇ ಕೆಂಪು ಮಹಾದೈತ್ಯ, ಸಾಯುವ ಮುಂಚೆ ಸುತ್ತಲೂ ಅನಿಲ ಉಗುಳಿಕೊಂಡಿತ್ತು. ಲಡಾಖಿನ ಹಾನ್ಲೆಯಲ್ಲಿರುವ, ಬೆಂಗಳೂರು ಹತ್ತಿರದ ಹೊಸಕೋಟೆಯಿಂದ ನಡೆಸುವ ನಮ್ಮ ದೂರದರ್ಶಕವೂ ಅದನ್ನು ನೋಡಿತು. ಇಷ್ಟು ಸಾಕು.

ನೀವು ಬರೆಯದೇ ಬಿಟ್ಟ ಇನ್ನೊಂದು ವಿಷಯ ಮಳೆಗಾಲ. ಆರ್‌ಎಸ್ ಒಫಿಯೂಕಿ ನೋವಾ ಬರಿಗಣ್ಣಿಗೆ ಸಿಕ್ಕಿದ್ದು 2021ರ ಆಗಸ್ಟ್‌ನಲ್ಲಿ. ಲೂಪಸ್ ನಕ್ಷತ್ರಪುಂಜದ ನೋವಾ 2025ರ ಜೂನ್‌ನಲ್ಲಿ. ಎರಡೂ ಹೊತ್ತಿಗೆ ನಮ್ಮ ಘಟ್ಟ, ಕರಾವಳಿ ಮೋಡದ ಕೆಳಗೆ. ಟಿ ಕೊರೋನೆ ಮಾರ್ಚ್‌ನಲ್ಲಿ ನಸುಕಿಗೆ ನೆತ್ತಿಗೆ ಬರುತ್ತದೆ, ಮೇ ತಿಂಗಳಲ್ಲಿ ಸಂಜೆಯಿಂದಲೇ ಸಿಗುತ್ತದೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಮತ್ತೆ ಸಿಗುವುದು ಅಕ್ಟೋಬರ್ ಸಂಜೆ, ಪಶ್ಚಿಮಕ್ಕೆ ವಾಲಿದಾಗ. ಉಕ್ಕಿದರೂ ಬರಿಗಣ್ಣಿಗೆ ಅದು ಕಾಣುವುದು ಕೆಲವೇ ದಿನ. ಜುಲೈನಲ್ಲಿ ಉಕ್ಕಿದರೆ ಉತ್ತರ ಕನ್ನಡಕ್ಕೆ ಅದು ಇಲ್ಲ, ಮುಂದಿನದು ಮೊಮ್ಮಕ್ಕಳ ಕಾಲಕ್ಕೆ. ಈ ಸಂಕಟವನ್ನು ಬರೆಯಬೇಕಾದವರು ನೀವೇ. ಬಳ್ಳಾರಿಯವರಿಗೆ ಇದು ಗೊತ್ತಾಗುವುದಿಲ್ಲ.

ಹೊಸ ಪ್ರತಿ 1500 ಪದ ಮೀರದಿರಲಿ. ಶುರು ಮಾರ್ಚ್ 9ರ ಟಿಪ್ಪಣಿಯಿಂದಲೇ ಆಗಲಿ. ನೋಟ್‌ಬುಕ್ಕಿನ ಉಳಿದ ಪುಟಗಳನ್ನೂ ಕಳಿಸಿ, ತಿದ್ದದೆ, ಹೊಡೆದು ಹಾಕಿದ್ದು ಇದ್ದರೂ ಹಾಗೇ ಇರಲಿ. ಒಂದೆರಡನ್ನು ಹಾಗೇ ಅಚ್ಚು ಹಾಕುವ ಆಸೆ ಇದೆ. ನಕ್ಷೆ ನಾವು ಬರೆಸುತ್ತೇವೆ. ಸ್ವಾತಿಯಿಂದ ಅಭಿಜಿತ್‌ಗೆ ಹೋಗುವ ದಾರಿಯಲ್ಲಿ ಕಿರೀಟ ಎಲ್ಲಿ, ಎಪ್ಸಿಲಾನ್ ಯಾವುದು, ನೀವು ಹೋಲಿಕೆಗೆ ಹಿಡಿದ 8ರ ತಾರೆ ಯಾವುದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡಿ.