ಯಾರಿಗೂ ತಿಳಿಯದೆ ಸತ್ತವರ ಮನೆಯನ್ನು ಎಷ್ಟು ತೊಳೆದರೂ ವಾಸನೆ ಯಾಕೆ ಹೋಗುವುದಿಲ್ಲ?

ವಾಸನೆ ಇರುವುದು ನೆಲದ ಮೇಲಲ್ಲ, ನೆಲದೊಳಗೆ. ಸತ್ತು ಕೆಲವು ದಿನ ಕಳೆದರೆ ಬ್ಯಾಕ್ಟೀರಿಯಾಗಳು ದೇಹವನ್ನು ಕೊಳೆಸಿ, ಜಿಡ್ಡಿನ ದ್ರವ ಹೊರಬರುತ್ತದೆ. ಅದು ಹಾಸಿಗೆ ದಾಟಿ ಮರದ ಹಲಗೆಗೆ, ಸಿಮೆಂಟಿನ ಸಣ್ಣ ರಂಧ್ರಗಳಿಗೂ ಇಳಿಯುತ್ತದೆ. ಮೇಲೆ ಫಿನಾಯಿಲ್ ಸುರಿದರೆ ಎರಡು ದಿನ ಫಿನಾಯಿಲ್ ವಾಸನೆ, ಮೂರನೇ ದಿನ ಮತ್ತೆ ಅದೇ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮೇಲಿನ ಕೊಳೆಯಲ್ಲೇ ಖರ್ಚಾಗಿಬಿಡುತ್ತದೆ, ಒಳಗೆ ತಲುಪುವುದಿಲ್ಲ.

ಜಪಾನಿನಲ್ಲಿ ಈ ಕೆಲಸ ಒಂದು ವೃತ್ತಿಯೇ ಆಗಿದೆ: 'ತೊಕುಶು ಸೇಸೋ', ಅಂದರೆ ವಿಶೇಷ ಸ್ವಚ್ಛತೆ. ಅಲ್ಲಿನ ಪೊಲೀಸರ ಲೆಕ್ಕದಂತೆ 2024ರಲ್ಲಿ ಒಂಟಿಯಾಗಿ ಮನೆಯಲ್ಲೇ ತೀರಿಕೊಂಡವರು 76,020 ಮಂದಿ. (ಎಲ್ಲರೂ ತಡವಾಗಿ ಸಿಕ್ಕವರಲ್ಲ, ಎಷ್ಟೋ ಜನ ಮರುದಿನದೊಳಗೇ ಸಿಕ್ಕಿದ್ದಾರೆ.)

ಕೆಲಸಗಾರರು ಮೈತುಂಬ ರಕ್ಷಣಾ ಉಡುಪು, ಮಾಸ್ಕ್ ಹಾಕಿಕೊಂಡು, ಮೊದಲು ಸೋಂಕುನಾಶಕ ಸಿಂಪಡಿಸುತ್ತಾರೆ, ಕೀಟನಾಶಕದಿಂದ ನೊಣ, ಹುಳುಗಳನ್ನು ಕೊಲ್ಲುತ್ತಾರೆ. ಆಮೇಲೆ ನಿಜವಾದ ಕೆಲಸ: ದ್ರವ ಎಲ್ಲಿಯವರೆಗೆ ಇಳಿದಿದೆ ಎಂದು ಹುಡುಕುವುದು. ತತಾಮಿ ಚಾಪೆಯ ಮೇಲೆ ತಟ್ಟೆಯಷ್ಟು ಕಲೆ ಇದ್ದರೆ, ಎತ್ತಿ ನೋಡಿದಾಗ ಕೆಳಗಿನ ಹಲಗೆಯಲ್ಲಿ ಮೊರದಗಲ ಹರಡಿರಬಹುದು. ಅಷ್ಟನ್ನೂ ಕತ್ತರಿಸಿ ತೆಗೆಯಬೇಕು. ಕಾಂಕ್ರೀಟನ್ನು ಕೆರೆದು, ಸೋಂಕು ತೆಗೆದು, ರಂಧ್ರ ಮುಚ್ಚುವ ಲೇಪನ ಬಳಿಯುತ್ತಾರೆ.

ಓಝೋನ್ ಯಂತ್ರ ಇಡುವುದು ಕೊನೆಗೆ. ಆ ಅನಿಲ ಗಾಳಿಯಲ್ಲಿ ಉಳಿದ ವಾಸನೆಯ ಅಣುಗಳನ್ನು ಒಡೆಯುತ್ತದೆ, ಆದರೆ ಶ್ವಾಸಕೋಶಕ್ಕೂ ಹಾನಿಕಾರಕ. ಅದಕ್ಕೇ ಆ ಹೊತ್ತಿನಲ್ಲಿ ಮನೆಯೊಳಗೆ ಯಾರೂ ಇರಬಾರದು. ಹಲಗೆ ಕೀಳದೆ ಬರೀ ಓಝೋನ್ ಬಿಟ್ಟು ಹೋಗುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.