ಅಮೆರಿಕಕ್ಕೆ ಬಂದ ಮೇಲೆ ಫ್ಯಾರನ್‌ಹೀಟ್ ತಲೆಗೆ ಹತ್ತುತ್ತಿಲ್ಲ. ಮೊಬೈಲನ್ನು ಸೆಲ್ಸಿಯಸ್‌ಗೆ ಬದಲಿಸಿಕೊಂಡರೆ ಸಾಕಲ್ಲವೇ?

ಸಾಲದು. ಮೊಬೈಲ್ ನಿಮ್ಮ ಮಾತು ಕೇಳುತ್ತದೆ. ಮನೆಯ ಥರ್ಮೋಸ್ಟಾಟ್, ಓವನ್, ಟಿವಿಯ ಹವಾಮಾನ ವರದಿ, ಲಿಫ್ಟ್‌ನಲ್ಲಿ ಸಿಗುವ ನೆರೆಯವರು ಕೇಳುವುದಿಲ್ಲ. ನಾನಿರುವ ಮಿನ್ನೆಸೋಟದಲ್ಲಂತೂ ಚಳಿಯ ಪ್ರಸ್ತಾಪವಿಲ್ಲದೆ ಯಾರ ಮಾತೂ ಶುರುವಾಗುವುದಿಲ್ಲ.

ಅಷ್ಟಕ್ಕೂ ಫ್ಯಾರನ್‌ಹೀಟ್ ನಿಮಗೆ ಹೊಸದಲ್ಲ. ಊರಿನಲ್ಲಿ ಮಗುವಿನ ಮೈ ಸುಡುತ್ತಿದ್ದರೆ ಅಮ್ಮ ‘ನೂರೆರಡು ಇದೆ’ ಎನ್ನುತ್ತಿದ್ದುದು ಯಾವ ಲೆಕ್ಕದಲ್ಲಿ? ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್ ಎಂದು ಎರಡನ್ನೂ ಇಟ್ಟುಕೊಂಡೇ ಬೆಳೆದವರು ನಾವು. 102 ಎಂದರೆ 38.9 ಎಂದು ಯಾರೂ ಲೆಕ್ಕ ಹಾಕಲಿಲ್ಲ, ನೇರವಾಗಿ ಒದ್ದೆ ಬಟ್ಟೆ ಹುಡುಕಿದರು. ಹವಾಮಾನಕ್ಕೂ ಅದನ್ನೇ ಮಾಡಿ: ಅಂಕಿಯನ್ನು ಬಟ್ಟೆಗೆ ಜೋಡಿಸಿ. 70ರ ಆಸುಪಾಸಿನಲ್ಲಿ ಅಂಗಿ ಸಾಕು, 50ಕ್ಕೆ ಜಾಕೆಟ್, 32ಕ್ಕೆ ನೀರು ಹೆಪ್ಪುಗಟ್ಟುತ್ತದೆ, ಕಾಲುದಾರಿಯಲ್ಲಿ ಜಾರುತ್ತೀರಿ.

ಆರಂಭದಲ್ಲಿ ಊರುಗೋಲು ಬೇಕೆನಿಸಿದರೆ 50 ಎಂದರೆ 10 ಎಂದು ನೆನಪಿಡಿ. ಅಲ್ಲಿಂದ 18 ಏರಿದಂತೆಲ್ಲ ಸೆಲ್ಸಿಯಸ್ 10 ಏರುತ್ತದೆ. 68 ಎಂದರೆ 20, 86 ಎಂದರೆ 30, 104 ಎಂದರೆ 40, ಅಂದರೆ ಮೇ ತಿಂಗಳ ಕಲಬುರಗಿ. ‘30 ಕಳೆದು ಅರ್ಧ ಮಾಡು’ ಎಂಬ ಸೂತ್ರವನ್ನು ಎಲ್ಲರೂ ಹೇಳಿಕೊಡುತ್ತಾರೆ. ಹಿತವಾದ ಹವೆಯಲ್ಲಿ ಅದು ಪರವಾಗಿಲ್ಲ, ಕೊರೆಯುವ ಚಳಿಯಲ್ಲಿ ನಂಬಬೇಡಿ. ಮೈನಸ್ 20 ಫ್ಯಾರನ್‌ಹೀಟನ್ನು ಅದು ಮೈನಸ್ 25 ಸೆಲ್ಸಿಯಸ್ ಎನ್ನುತ್ತದೆ. ನಿಜದಲ್ಲಿ ಮೈನಸ್ 29 ಇರುತ್ತದೆ.

ಹೊಸಬರನ್ನು ಹೆಚ್ಚು ಕಾಡುವುದು ಸೊನ್ನೆ. ನಮಗೆ ಸೊನ್ನೆ ಎಂದರೆ ಮಂಜುಗಡ್ಡೆ. ಇಲ್ಲಿನ ಸೊನ್ನೆ ಆಗಲೇ ಮೈನಸ್ 18. ಇಲ್ಲಿಯವರು ‘ಸೊನ್ನೆಗಿಂತ ಹತ್ತು ಕೆಳಗೆ’ ಎಂದರೆ ಮೈನಸ್ 23 ಎಂದರ್ಥ, ಕೈಗವಸಿಲ್ಲದೆ ಹೊರಡಬೇಡಿ. ಗಾಳಿಯಿದ್ದರೆ ವರದಿಯಲ್ಲಿ ‘ವಿಂಡ್ ಚಿಲ್’, ಅಂದರೆ ಗಾಳಿ ಸೇರಿ ಮೈಗೆ ಎಷ್ಟು ಚಳಿ ಎನಿಸುತ್ತದೆ ಎಂಬ ಬೇರೆಯೇ ಅಂಕಿ ಬರುತ್ತದೆ. ಮಕ್ಕಳನ್ನು ಶಾಲೆಯ ಬಸ್ಸಿಗೆ ನಿಲ್ಲಿಸುವ ಮುನ್ನ ನೋಡಬೇಕಾದದ್ದು ಅದನ್ನೇ. ಮೈನಸ್ 40ರಲ್ಲಿ ಫ್ಯಾರನ್‌ಹೀಟ್, ಸೆಲ್ಸಿಯಸ್ ಎರಡೂ ಒಂದೇ. ಅಂಥ ದಿನ ಮನೆಯಲ್ಲೇ ಇರಿ.

ಓವನ್ ವಿಷಯದಲ್ಲಿ ಮಾತ್ರ ಬಾಯಿಪಾಠ ಮಾಡಿ. ಊರಿನವರ ವಿಡಿಯೊ ನೋಡಿ ಕೇಕ್ ಮಾಡುವಾಗ ಅವರು 180 ಎಂದರೆ ಇಲ್ಲಿ 350ಕ್ಕೆ ಇಡಿ. 180ಕ್ಕೇ ಇಟ್ಟರೆ ಎಷ್ಟು ಹೊತ್ತು ಕಾದರೂ ಕೇಕ್ ಸರಿಯಾಗಿ ಬೇಯುವುದಿಲ್ಲ.